ಜೀನ್ ಇದ್ದರೆ ಸಾಕೆ? ತಿದ್ದಿದ ಭತ್ತವೂ ಕ್ರೊಮ್ಯಾಟಿನ್ ಲೆಕ್ಕವೂ

2025ರ ಮೇ 4ರಂದು ದೆಹಲಿಯಲ್ಲಿ ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಒಂದು, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧನ್-100. ಕರೆಯುವ ಹೆಸರು ‘ಕಮಲಾ’. ಇನ್ನೊಂದು, ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಡಿಎಸ್‌ಟಿ ರೈಸ್-1. ಕ್ರಿಸ್ಪರ್ ಎಂಬ ಡಿಎನ್‌ಎ ಕತ್ತರಿಯಿಂದ ಜೀನ್ ತಿದ್ದಿ ಮಾಡಿದ ಭತ್ತ ನಮ್ಮಲ್ಲಿ ಇವೇ ಮೊದಲು. ಅವತ್ತು ಶುರುವಾದ ಜಗಳ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಿಂತಿದೆ. ‘ಇದರಲ್ಲಿ ಹೊರಗಿನ ಜೀನ್ ಒಂದೂ ಇಲ್ಲ, ಹಾಗಾಗಿ ಕುಲಾಂತರಿ ಅಲ್ಲ, ಹೆದರಬೇಡಿ’ ಎನ್ನುವುದು ಒಂದು ಕಡೆಯವರ ಮಾತು. ‘ಕತ್ತರಿ ಹಾಕಿದ ಮೇಲೆ ಅದೂ ಕುಲಾಂತರಿಯೇ, ಹಿಂಬಾಗಿಲಿನಿಂದ ತಂದಿದ್ದೀರಿ’ ಎನ್ನುವುದು ಇನ್ನೊಂದು ಕಡೆಯವರದು.

ಎರಡು ಕಡೆಯವರೂ ಎಣಿಸುತ್ತಿರುವುದು ಡಿಎನ್‌ಎಯ ಅಕ್ಷರಗಳನ್ನು. ಎಷ್ಟು ಅಕ್ಷರ ಹೋಯಿತು, ಎಷ್ಟು ಬಂತು, ಬಂದದ್ದು ಎಲ್ಲಿಯದು ಎಂಬ ಲೆಕ್ಕ. ಸಸ್ಯವಿಜ್ಞಾನ ಕಳೆದ ಮೂವತ್ತು ವರ್ಷಗಳಲ್ಲಿ ಕಲಿತದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಈ ಲೆಕ್ಕ ಅರ್ಧದ್ದು ಎಂದು ನನಗನ್ನಿಸುತ್ತದೆ. ಗಿಡ ಹೇಗೆ ಬೆಳೆಯುತ್ತದೆ ಎಂಬುದನ್ನು ಅಕ್ಷರಗಳಷ್ಟೇ ನಿರ್ಧರಿಸುವುದಿಲ್ಲ. ಆ ಅಕ್ಷರಗಳನ್ನು ಯಾವ ಜೀವಕೋಶ, ಯಾವ ಹೊತ್ತಿನಲ್ಲಿ, ಎಷ್ಟು ಓದುತ್ತದೆ, ಅಂದರೆ ಅವುಗಳಂತೆ ಎಷ್ಟು ಪ್ರೋಟೀನ್ ಕಟ್ಟುತ್ತದೆ ಎಂಬುದೂ ಅಷ್ಟೇ ಮುಖ್ಯ. ಆ ಓದಿನಲ್ಲಿ ಕ್ರೊಮ್ಯಾಟಿನ್‌ನ, ಅಂದರೆ ಕೋಶದೊಳಗೆ ಡಿಎನ್‌ಎ ಮಡಿಚಿಕೊಂಡಿರುವ ಬಗೆಯ ಪಾಲು ದೊಡ್ಡದು. ಕಮಲಾವನ್ನು ಹೊಗಳುವವರೂ ತೆಗಳುವವರೂ ಈ ಎರಡನೇ ಅರ್ಧದ ಕಡೆಗೆ ಇನ್ನೂ ಸರಿಯಾಗಿ ತಿರುಗಿಲ್ಲ.

ಇದು ನಮಗೆ ದೂರದ ವಿಷಯವೇನಲ್ಲ. ಕಮಲಾದ ಮೂಲ ತಳಿ ಸಾಂಬಾ ಮಸೂರಿ, ಅಂದರೆ 1986ರಲ್ಲಿ ಆಂಧ್ರದ ಬಾಪಟ್ಲಾದಿಂದ ಬಂದ ಬಿಪಿಟಿ-5204. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಬಿಪಿಟಿ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಪೂಸಾ ಡಿಎಸ್‌ಟಿಯ ಮೂಲ ಎಂಟಿಯು-1010. ಅದರ ಬಗ್ಗೆ ಹೇಳಿರುವುದು ಸವಳು ಭೂಮಿಯಲ್ಲೂ ತಾಳಿಕೊಳ್ಳುತ್ತದೆ ಎಂದು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ಹೊಲ ಕಳೆದುಕೊಂಡವರ ಕಿವಿ ಈ ಮಾತಿಗೆ ನೆಟ್ಟಗಾಗುವುದು ಸಹಜ. ಎರಡೂ ತಳಿಗಳನ್ನು ಶಿಫಾರಸು ಮಾಡಿದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವಿದೆ.

ತಿದ್ದಿದ್ದು ಏನನ್ನು?

ಕಮಲಾದಲ್ಲಿ ಕತ್ತರಿ ಬಿದ್ದದ್ದು ಜಿಎನ್1ಎ ಎಂಬ ಜೀನಿಗೆ. ಸೈಟೋಕೈನಿನ್ ಎಂಬ ಹಾರ್ಮೋನನ್ನು ಒಡೆದುಹಾಕುವ ಕಿಣ್ವ ಈ ಜೀನಿನಿಂದ ತಯಾರಾಗುತ್ತದೆ. ಗರ್ಭ ಕಟ್ಟುವ ಮೊದಲು, ತೆನೆ ಇನ್ನೂ ಕಣ್ಣಿಗೆ ಕಾಣದ ಎಳೆ ತುದಿಯಾಗಿರುವಾಗ, ಆ ತುದಿಯಲ್ಲಿ ಸೈಟೋಕೈನಿನ್ ಜಾಸ್ತಿ ಉಳಿದರೆ ಹೂವಿನ ಮೊಗ್ಗು ಜಾಸ್ತಿ ಒಡೆಯುತ್ತವೆ. ಹೂ ಜಾಸ್ತಿಯಾದರೆ ಕಾಳೂ ಜಾಸ್ತಿ. 2005ರಲ್ಲಿ ಜಪಾನಿನ ಮೊಟೊಯುಕಿ ಅಶಿಕಾರಿ ಮತ್ತು ಸಂಗಡಿಗರು ಹಬಾಟಾಕಿ ಎಂಬ ತಳಿಯ ತೆನೆಯಲ್ಲಿ ಅಷ್ಟೊಂದು ಕಾಳು ಯಾಕೆ ಎಂದು ಹುಡುಕುತ್ತಾ ಹೋಗಿ ಈ ಜೀನನ್ನು ಹಿಡಿದರು. ಹಬಾಟಾಕಿಯಲ್ಲಿ ಜೀನ್ ಇತ್ತು, ಆದರೆ ಅದನ್ನು ಕೋಶ ಓದುತ್ತಿದ್ದದ್ದು ಕಡಿಮೆ.

ಪೂಸಾ ಡಿಎಸ್‌ಟಿಯಲ್ಲಿ ತಿದ್ದಿದ್ದು ಡಿಎಸ್‌ಟಿ ಎಂಬ ಇನ್ನೊಂದು ಜೀನನ್ನು. ಇದರಿಂದ ಬರುವ ಪ್ರೋಟೀನ್ ತಾನೇ ಏನನ್ನೂ ಕಟ್ಟುವುದಿಲ್ಲ, ಒಡೆಯುವುದಿಲ್ಲ. ಬೇರೆ ಜೀನ್‌ಗಳ ಮುಂದೆ ಕೂತು ಅವುಗಳನ್ನು ಓದಿಸುತ್ತದೆ. ಡಿಎಸ್‌ಟಿ ಕೆಟ್ಟ ಗಿಡದಲ್ಲಿ ಎಲೆಯ ಪತ್ರರಂಧ್ರಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ, ನೀರು ಉಳಿಯುತ್ತದೆ, ಬರವನ್ನೂ ಉಪ್ಪನ್ನೂ ಗಿಡ ಹೆಚ್ಚು ತಡೆಯುತ್ತದೆ ಎಂದು ಚೀನಾದ ಸಂಶೋಧಕರು 2009ರಲ್ಲೇ ತೋರಿಸಿದ್ದರು. 2013ರಲ್ಲಿ ಇನ್ನೂ ಸ್ವಾರಸ್ಯದ ಸಂಗತಿ ಹೊರಬಿತ್ತು. ಡಿಎಸ್‌ಟಿ ಓದಿಸುವ ಜೀನ್‌ಗಳಲ್ಲಿ ಒಂದು ಇದೇ ಜಿಎನ್1ಎ! ಅಂದರೆ ಒಂದೇ ದಿನ ಬಿಡುಗಡೆಯಾದ ಎರಡು ತಳಿಗಳು ಒಂದೇ ಸರಪಳಿಯ ಮೇಲಿನ ಕೊಂಡಿ ಮತ್ತು ಕೆಳಗಿನ ಕೊಂಡಿ. ಒಂದಕ್ಕೆ ‘ಇಳುವರಿ’ ಎಂಬ ಚೀಟಿ, ಇನ್ನೊಂದಕ್ಕೆ ‘ಸವಳು, ಬರ’ ಎಂಬ ಚೀಟಿ. ಗಿಡದ ಒಳಗೆ ಇಂಥ ಚೀಟಿಗಳಿಲ್ಲ.

ಭಾರತೀಯ ಕೃಷಿ ಸಂಶೋಧನಾ ಪರಿಷತ್ತು (ಐಸಿಎಆರ್) ಹೇಳುವ ಪ್ರಕಾರ ಕಮಲಾದ ಸರಾಸರಿ ಇಳುವರಿ ಹೆಕ್ಟೇರಿಗೆ 5.37 ಟನ್, ಮೂಲ ತಳಿಯದು 4.5 ಟನ್, ಕೊಯ್ಲಿಗೆ ಬರುವುದೂ ಸುಮಾರು 20 ದಿನ ಮೊದಲು. ಇಲ್ಲಿ ಒಂದು ಪ್ರಶ್ನೆ ಏಳಲೇಬೇಕು. ಕಾಳಿನ ಸಂಖ್ಯೆಯ ಜೀನನ್ನು ತಿದ್ದಿದರೆ ಬೆಳೆಯ ಅವಧಿ ಯಾಕೆ ತಗ್ಗಬೇಕು? ಸೈಟೋಕೈನಿನ್ ಗಿಡದಲ್ಲಿ ಹತ್ತು ಕಡೆ ಕೆಲಸ ಮಾಡುವ ಹಾರ್ಮೋನ್ ಆದ್ದರಿಂದ ಅಂಥದ್ದು ಆಗಬಾರದೆಂದೇನಿಲ್ಲ. ಆದರೆ ಒಂದು ಜೀನನ್ನು ಮುಟ್ಟಿದಾಗ ಇನ್ನೆಷ್ಟು ಜೀನ್‌ಗಳ ಓದು ಬದಲಾಯಿತು ಎಂಬುದನ್ನು ಕೇಳದೆ ಮುಂದೆ ಹೋಗಲಾಗದು ಎಂಬುದಕ್ಕೆ ಈ 20 ದಿನಗಳೇ ಸಾಕ್ಷಿ.

ಮಡಿಕೆಯೊಳಗಿನ ಜೀನ್

ಭತ್ತದ ಕ್ರೋಮೋಸೋಮ್‌ಗಳ ಒಂದು ಸೆಟ್ ತೆಗೆದುಕೊಂಡರೆ ಅದರಲ್ಲಿ ಸುಮಾರು 39 ಕೋಟಿ ಅಕ್ಷರ. ಅವನ್ನೆಲ್ಲ ಓದಿ ಬರೆದಿಡುವ, 2005ರಲ್ಲಿ ಪೂರ್ತಿಯಾದ ಅಂತರರಾಷ್ಟ್ರೀಯ ಕೆಲಸದಲ್ಲಿ ಭಾರತದ ತಂಡದ ಪಾಲಿಗೆ ಬಂದದ್ದು 11ನೇ ಕ್ರೋಮೋಸೋಮಿನ ಒಂದು ಭಾಗ. ಒಂದು ಕೋಶದಲ್ಲಿ ಇಂಥ ಎರಡು ಸೆಟ್ ಇರುತ್ತವೆ; ಎಳೆದು ಉದ್ದಕ್ಕೆ ಹಿಡಿದರೆ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಗೋಧಿಯದಾದರೆ ಹತ್ತು ಮೀಟರ್ ದಾಟುತ್ತದೆ. ಇದೆಲ್ಲ ಮಿಲಿಮೀಟರಿನ ನೂರನೇ ಒಂದು ಭಾಗದ ಆಸುಪಾಸಿನ ಕೋಶಕೇಂದ್ರದೊಳಗೆ ಹಿಡಿಸಬೇಕು. ಅದಕ್ಕಾಗಿ ಹಿಸ್ಟೋನ್ ಎಂಬ ಎಂಟು ಪ್ರೋಟೀನ್‌ಗಳ ಒಂದೊಂದು ಗುಂಡಿಗೆ 147 ಅಕ್ಷರದಷ್ಟು ಡಿಎನ್‌ಎ ಸುತ್ತಿಕೊಳ್ಳುತ್ತದೆ. ಇಂಥ ಲಕ್ಷಾಂತರ ಗುಂಡುಗಳ ಸಾಲು, ಅದರ ಮೇಲಿನ ಮಡಿಕೆ, ಮಡಿಕೆಯ ಮೇಲಿನ ಮಡಿಕೆ ಎಲ್ಲ ಸೇರಿ ಕ್ರೊಮ್ಯಾಟಿನ್.

ಟ್ರಂಕಿನಲ್ಲಿ ಮಡಿಸಿಟ್ಟ ಸೀರೆಯಲ್ಲಿ ಹೊರಮೈಗೆ ಬಂದ ಅಂಚು ಮಾತ್ರ ಕಣ್ಣಿಗೆ ಬೀಳುವಂತೆ, ಕ್ರೊಮ್ಯಾಟಿನ್ ಬಿಚ್ಚಿಕೊಂಡ ಕಡೆಯ ಜೀನ್ ಮಾತ್ರ ಓದಿಗೆ ಸಿಗುತ್ತದೆ. ಎಲ್ಲಿ ಬಿಚ್ಚಬೇಕು, ಎಲ್ಲಿ ಬಿಗಿಯಬೇಕು ಎಂಬ ಗುರುತುಗಳು ಎರಡು ಜಾಗದಲ್ಲಿ ಬೀಳುತ್ತವೆ. ಒಂದು, ಡಿಎನ್‌ಎಯ ಸಿ ಅಕ್ಷರಕ್ಕೇ ಅಂಟುವ ಮಿಥೈಲ್ ಎಂಬ ಪುಟ್ಟ ರಾಸಾಯನಿಕ. ಇನ್ನೊಂದು, ಹಿಸ್ಟೋನ್ ಗುಂಡಿನಿಂದ ಹೊರಚಾಚಿದ ಬಾಲಕ್ಕೆ ಅಂಟುವ ಗುರುತು. ಎರಡರಲ್ಲೂ ಅಕ್ಷರ ಬದಲಾಗುವುದಿಲ್ಲ. ಡಿಎನ್‌ಎ ಓದುವ ಮಾಮೂಲಿ ಯಂತ್ರಕ್ಕೆ ಕೊಟ್ಟರೆ ಮೊದಲು ಹೇಗಿತ್ತೋ ಹಾಗೆಯೇ ಓದಿಕೊಡುತ್ತದೆ.

ಈ ಗುರುತುಗಳು ಎಷ್ಟು ಗಟ್ಟಿ, ಎಷ್ಟು ದಿನ ಉಳಿಯುತ್ತವೆ? ಇದಕ್ಕೆ ಸಿಕ್ಕಿರುವ ಅತ್ಯುತ್ತಮ ಉತ್ತರ ಭತ್ತದಿಂದ ಬಂದದ್ದಲ್ಲ. ಸಾಸಿವೆಯ ಕುಲದ, ಯಾರಿಗೂ ಉಪಯೋಗವಿಲ್ಲದ, ಕೈಬೆರಳಷ್ಟು ಎಲೆಯ ಅರಾಬಿಡಾಪ್ಸಿಸ್ ಎಂಬ ಕಳೆಯಿಂದ. ಇಂಗ್ಲೆಂಡಿನ ನಾರ್ವಿಚ್‌ನ ಜಾನ್ ಇನ್ಸ್ ಸೆಂಟರಿನಲ್ಲಿ ಕ್ಯಾರೊಲಿನ್ ಡೀನ್ 1988ರಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ಚಳಿಗಾಲ ಕಳೆಯಿತು ಎಂದು ಗಿಡಕ್ಕೆ ಹೇಗೆ ತಿಳಿಯುತ್ತದೆ? ಶೀತದೇಶದ ಅನೇಕ ಗಿಡಗಳು ವಾರಗಟ್ಟಲೆ ಚಳಿ ಉಣ್ಣದೆ ಹೂ ಬಿಡುವುದಿಲ್ಲ. ಹೂ ಬಿಡದಂತೆ ತಡೆಹಿಡಿಯುವುದು ಎಫ್‌ಎಲ್‌ಸಿ ಎಂಬ ಜೀನ್. ಚಳಿ ಅದನ್ನು ಮೆಲ್ಲಗೆ ಮುಚ್ಚಿಸುತ್ತದೆ. ವಿಚಿತ್ರವೆಂದರೆ, ಚಳಿ ಮುಗಿದು ಬಿಸಿಲು ಬಂದು ತಿಂಗಳುಗಳಾದರೂ, ನಡುವೆ ಕೋಶಗಳು ಎಷ್ಟು ಸಲ ಒಡೆದು ಎರಡಾದರೂ, ಅದು ಮುಚ್ಚಿಯೇ ಇರುತ್ತದೆ.

ಮುಚ್ಚುವ ಬಗೆ ಹೀಗೆ. ಚಳಿ ವಾರಗಟ್ಟಲೆ ಮುಂದುವರಿದರೆ ಪಾಲಿಕೂಂಬ್ ಎಂಬ ಪ್ರೋಟೀನ್ ತಂಡ ಎಫ್‌ಎಲ್‌ಸಿ ಜೀನಿನ ಆರಂಭದ ಸಣ್ಣ ತುಣುಕಿನ ಮೇಲೆ ಇಳಿಯುತ್ತದೆ. ಅಲ್ಲಿನ ಎಚ್3 ಹಿಸ್ಟೋನಿನ ಬಾಲದ 27ನೇ ಅಮೈನೋ ಆಮ್ಲಕ್ಕೆ ಮೂರು ಮಿಥೈಲ್ ಅಂಟಿಸುತ್ತದೆ. ಮತ್ತೆ ಬೆಚ್ಚಗಾದ ಮೇಲೆ ಆ ಗುರುತು ಇಡೀ ಜೀನಿಗೆ ಹರಡಿ ಬಾಗಿಲು ಬಿಗಿಯುತ್ತದೆ. ನಾಲ್ಕು ವಾರದ ಚಳಿಗೆ ಇಷ್ಟು, ಎಂಟು ವಾರಕ್ಕೆ ಅದಕ್ಕಿಂತ ಜಾಸ್ತಿ ಎಂದು ಗಿಡ ಅಳೆದು ಮುಚ್ಚುವಂತೆ ಹೊರಗಿನಿಂದ ಕಾಣುತ್ತದೆ. ಆದರೆ ಡೀನ್ ಮತ್ತು ಗಣಿತಜ್ಞ ಮಾರ್ಟಿನ್ ಹೊವರ್ಡ್ 2011ರಲ್ಲಿ ತೋರಿಸಿದ್ದು ಬೇರೆಯದೇ. ಒಂದೊಂದು ಕೋಶದಲ್ಲಿ ಅರ್ಧಂಬರ್ಧ ಮುಚ್ಚುವುದೆಂಬುದಿಲ್ಲ. ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ಚಳಿ ಉದ್ದವಾದಷ್ಟೂ ಮುಚ್ಚಿದ ಕೋಶಗಳ ಸಂಖ್ಯೆ ಏರುತ್ತದೆ, ಅಷ್ಟೇ.

2015ರ ಪ್ರಯೋಗವಂತೂ ಇನ್ನೂ ಚೊಕ್ಕ. ಒಂದು ಕೋಶದಲ್ಲಿ ಎಫ್‌ಎಲ್‌ಸಿಯ ಎರಡು ಪ್ರತಿ ಇರುತ್ತವಲ್ಲ, ಒಂದಕ್ಕೆ ಹಳದಿ ಹೊಳಪಿನ, ಇನ್ನೊಂದಕ್ಕೆ ಕೆಂಪು ಹೊಳಪಿನ ಪ್ರೋಟೀನ್ ಜೋಡಿಸಿದರು. ಚಳಿಗಿಟ್ಟು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ಬೇರಿನ ಕೋಶಗಳನ್ನು ನೋಡಿದರೆ, ಕೆಲವು ಕೋಶಗಳಲ್ಲಿ ಹಳದಿ ಮಾತ್ರ ಉರಿಯುತ್ತಿದೆ, ಕೆಲವುಗಳಲ್ಲಿ ಕೆಂಪು ಮಾತ್ರ. ಆ ಕೋಶದಿಂದ ಹುಟ್ಟಿದ ಮರಿಕೋಶಗಳಲ್ಲೂ ಅದೇ ಬಣ್ಣ. ಕೋಶ ಅದೇ, ಒಳಗಿನ ದ್ರವ ಅದೇ, ತಿಂದ ಚಳಿ ಅದೇ, ಅಕ್ಷರವೂ ಅದೇ; ಆದರೂ ಒಂದು ಪ್ರತಿ ತೆರೆದಿದೆ, ಪಕ್ಕದ್ದು ಮುಚ್ಚಿದೆ. ನೆನಪು ಕೋಶದ ದ್ರವದಲ್ಲೆಲ್ಲೋ ತೇಲುತ್ತಿಲ್ಲ, ಆ ಜೀನಿನ ಮೇಲಿನ ಕ್ರೊಮ್ಯಾಟಿನ್‌ನಲ್ಲೇ ಕೂತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಗೊತ್ತಿಲ್ಲ.

ಈ ನೆನಪು ಮೊಮ್ಮಕ್ಕಳಿಗೂ ಹೋಗುತ್ತದೆಯೇ? ಹೋಗುವುದಿಲ್ಲ. ಬೀಜದೊಳಗಿನ ಭ್ರೂಣದಲ್ಲಿ ಗುರುತು ಅಳಿಸಿ ಎಫ್‌ಎಲ್‌ಸಿ ಮತ್ತೆ ತೆರೆದುಕೊಳ್ಳುತ್ತದೆ. ಪ್ರತಿ ಪೀಳಿಗೆಯೂ ತನ್ನ ಚಳಿಗಾಲವನ್ನು ತಾನೇ ಉಣ್ಣಬೇಕು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸೋವಿಯತ್ ರಷ್ಯಾದಲ್ಲಿ ಟ್ರೊಫಿಮ್ ಲೈಸೆಂಕೊ ಗೋಧಿಗೆ ಚಳಿ ಕೊಟ್ಟರೆ ಅದರ ಗುಣ ವಂಶಕ್ಕೇ ಇಳಿಯುತ್ತದೆ ಎಂದು ಹಟ ಹಿಡಿದ. ಸ್ಟಾಲಿನ್ ಬೆಂಬಲ ಸಿಕ್ಕಿತು. ಒಪ್ಪದ ತಳಿವಿಜ್ಞಾನಿಗಳು ಕೆಲಸ ಕಳೆದುಕೊಂಡರು. ಬೀಜಸಂಗ್ರಹಕ್ಕೆ ಬದುಕನ್ನೇ ಕೊಟ್ಟ ನಿಕೊಲಾಯ್ ವಾವಿಲೊವ್ 1943ರಲ್ಲಿ ಸರಾಟೊವ್ ಜೈಲಿನಲ್ಲಿ ತೀರಿಕೊಂಡರು. ಅಕ್ಷರ ಬದಲಾಗದೆ ಗುರುತು ಬದಲಾಗುವುದನ್ನು ಓದುವ ವಿಜ್ಞಾನಕ್ಕೆ ‘ಎಪಿಜೆನೆಟಿಕ್ಸ್’ ಎಂದು ಹೆಸರು. ಈಗ ಆ ಪದ ಹಿಡಿದುಕೊಂಡು, ಬರ ಕಂಡ ಬೀಜ ಬರವನ್ನು ಮುಂದಿನ ಪೀಳಿಗೆಗೂ ಕಲಿಸುತ್ತದೆ ಎಂದು ಬೀಸುಮಾತಿನಲ್ಲಿ ಹೇಳುವವರನ್ನು ಕಂಡಾಗ ನನಗೆ ಲೈಸೆಂಕೊ ನೆನಪಾಗುತ್ತಾನೆ. ಒತ್ತಡದ ನೆನಪುಗಳಲ್ಲಿ ಬಹುಪಾಲು ಬೀಜದ ಹಂತದಲ್ಲಿ ಅಳಿಸಿಹೋಗುತ್ತವೆ. ಆದರೆ ‘ಬಹುಪಾಲು’ ಎಂಬ ಮಾತನ್ನೂ ಬಿಡುವಂತಿಲ್ಲ. ಡಿಎನ್‌ಎ ಮೇಲಿನ ಮಿಥೈಲ್ ಗುರುತುಗಳ ನಡತೆ ಹಿಸ್ಟೋನ್ ಗುರುತಿನಂತಲ್ಲ. ಅರಾಬಿಡಾಪ್ಸಿಸ್‌ನಲ್ಲಿಯೇ ಅಕ್ಷರ ಹೆಚ್ಚುಕಡಿಮೆ ಒಂದೇ ಇಟ್ಟು ಮಿಥೈಲ್ ಮಾತ್ರ ಬೇರೆ ಮಾಡಿದ ಸಾಲುಗಳನ್ನು ಬೆಳೆಸಿದಾಗ, ಹೂ ಬಿಡುವ ಕಾಲ ಮತ್ತು ಬೇರಿನ ಉದ್ದದ ವ್ಯತ್ಯಾಸ ಪೀಳಿಗೆಗಳಾಚೆಗೂ ಉಳಿದದ್ದು 2014ರಲ್ಲಿ ಖಚಿತವಾಯಿತು.

ತಾಳೆಯ ತೋಟ ಕಲಿಸಿದ್ದು

ಇದೆಲ್ಲ ಪ್ರಯೋಗಾಲಯದ ಕಳೆಗಿಡದ ಕಥೆ, ಹೊಲಕ್ಕೇನು ಎನ್ನುವವರು ಮಲೇಷ್ಯಾದ ಎಣ್ಣೆತಾಳೆಯನ್ನು ನೋಡಬೇಕು.

ಎಣ್ಣೆತಾಳೆಯಲ್ಲಿ ಒಂದು ಮರದಂತೆ ಇನ್ನೊಂದಿರುವುದಿಲ್ಲ. ಚೆನ್ನಾಗಿ ಎಣ್ಣೆ ಕೊಡುವ ಮರವನ್ನು ಆರಿಸಿ, ಅಂಗಾಂಶ ಕೃಷಿಯಿಂದ ಅದರದೇ ಸಾವಿರಾರು ಪ್ರತಿ ತೆಗೆದು ನೆಟ್ಟರೆ ತೋಟವೆಲ್ಲ ಅದೇ ಮರವಾಗಬೇಕು ಎಂಬ ಲೆಕ್ಕ ಸರಿಯಾಗಿಯೇ ಇತ್ತು. ಗಿಡ ಬೆಳೆದವು, ಸೊಂಪಾಗಿ ಕಂಡವು. ಎರಡು ಮೂರು ವರ್ಷ ಕಳೆದು ಹೂ ಬಂದಾಗ ಕೆಲವು ಮರಗಳಲ್ಲಿ ಕೇಸರ ಆಗಬೇಕಾದ ಭಾಗಗಳು ಹಣ್ಣಿನ ಸಿಪ್ಪೆಯಂಥ ಎಸಳುಗಳಾಗಿ ಹಣ್ಣಿನ ಸುತ್ತ ಮುಚ್ಚಿಕೊಂಡವು. ಹಣ್ಣು ನಿಲ್ಲದೆ ಉದುರಿತು, ಎಣ್ಣೆ ಬರಲಿಲ್ಲ. ಎಣ್ಣೆತಾಳೆಯೆಂದರೆ ಇಪ್ಪತ್ತೈದು ವರ್ಷದ ಬೆಳೆ. ನೆಟ್ಟು ಮೂರು ವರ್ಷಕ್ಕೆ ಮೋಸ ಗೊತ್ತಾದರೆ ರೈತನ ಗತಿ ಏನು? 1980ರ ದಶಕದಿಂದ ಮುಂದೆ ಅಂಗಾಂಶ ಕೃಷಿಯ ಎಣ್ಣೆತಾಳೆಯ ಬಗ್ಗೆ ಉದ್ಯಮಕ್ಕೆ ಇದ್ದ ಉತ್ಸಾಹ ಇಳಿಯಲು ಮುಖ್ಯ ಕಾರಣ ಇದೇ.

ಅಕ್ಷರಗಳನ್ನು ಎಷ್ಟು ಹುಡುಕಿದರೂ ವ್ಯತ್ಯಾಸ ಸಿಗಲಿಲ್ಲ. ಸಿಕ್ಕಿದ್ದು 2015ರಲ್ಲಿ. ಮಲೇಷ್ಯಾದ ತಾಳೆಎಣ್ಣೆ ಮಂಡಳಿಯ ಮೆಲೀನಾ ಓಂಗ್-ಅಬ್ದುಲ್ಲಾ, ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ರಾಬರ್ಟ್ ಮಾರ್ಟಿಯೆನ್ಸೆನ್ ಮತ್ತು ಜೊತೆಗಾರರು ಹೂವಿನ ರೂಪ ನಿರ್ಧರಿಸುವ ಡೆಫಿಶಿಯನ್ಸ್ ಜೀನಿನ ಹೊಟ್ಟೆಯೊಳಗೆ ಅಡಗಿ ಕೂತ ಒಂದು ಜಿಗಿಯುವ, ಅಂದರೆ ಡಿಎನ್‌ಎಯಲ್ಲಿ ಜಾಗ ಬದಲಿಸಬಲ್ಲ ತುಣುಕನ್ನು ಗುರುತಿಸಿದರು. ಅದಕ್ಕೆ ‘ಕರ್ಮ’ ಎಂದು ಹೆಸರು. ಸಾಮಾನ್ಯ ಮರಗಳಲ್ಲಿ ಕರ್ಮದ ಮೇಲೆ ಮಿಥೈಲ್ ಗುರುತು ದಟ್ಟವಾಗಿದ್ದು ಅದು ಸುಮ್ಮನೆ ಬಿದ್ದಿರುತ್ತದೆ. ಅಂಗಾಂಶ ಕೃಷಿಯ ಸೀಸೆಯಲ್ಲಿ ಕೋಶಗಳು ತಿಂಗಳಾನುಗಟ್ಟಲೆ ಮುದ್ದೆಯಾಗಿ ಬೆಳೆಯುವಾಗ ಕೆಲವುಗಳಲ್ಲಿ ಆ ಗುರುತು ಅಳಿಸಿಹೋಗುತ್ತದೆ. ಆಗ ಡೆಫಿಶಿಯನ್ಸ್ ಜೀನಿನ ಸಂದೇಶ ಕರ್ಮದ ಬಳಿ ತಪ್ಪಾಗಿ ಜೋಡಣೆಗೊಂಡು ಅರ್ಧಕ್ಕೇ ತುಂಡಾಗುತ್ತದೆ, ಹೂ ಕೆಡುತ್ತದೆ. ಸಂಶೋಧಕರು ಗುರುತು ಉಳಿದದ್ದಕ್ಕೆ ಒಳ್ಳೆಯ ಕರ್ಮ, ಅಳಿದದ್ದಕ್ಕೆ ಕೆಟ್ಟ ಕರ್ಮ ಎಂದು ಹೆಸರಿಟ್ಟರು. ನಮ್ಮ ಊರಿನವರು ಇಟ್ಟಂತಿದೆ. ಈ ತಿಳಿವಳಿಕೆಯಿಂದ ಆದ ಲಾಭ ದೊಡ್ಡದು. ಸಸಿಮಡಿಯಲ್ಲಿರುವಾಗಲೇ ಎಲೆಯ ಚೂರು ತೆಗೆದು ಕರ್ಮದ ಮೇಲಿನ ಮಿಥೈಲ್ ನೋಡಿ, ಕೆಡುವ ಸಸಿಯನ್ನು ಎಸೆಯಬಹುದು.

ನಮ್ಮಲ್ಲಿ ಜಿ-9 ಬಾಳೆಯ ಅಂಗಾಂಶ ಕೃಷಿ ಸಸಿ ನೆಡುವವರಿಗೆ ನೂರು ಸಸಿಯಲ್ಲಿ ಅಲ್ಲೊಂದು ಇಲ್ಲೊಂದು ಗುಜ್ಜಾಗಿ, ಎಲೆ ದಪ್ಪಗಾಗಿ ದಾರಿ ತಪ್ಪುವುದು ಗೊತ್ತೇ ಇದೆ. ಅದರಲ್ಲಿ ಕೆಲವಕ್ಕೆ ಅಕ್ಷರವೇ ಕೆಟ್ಟಿರುತ್ತದೆ, ಕೆಲವಕ್ಕೆ ಗುರುತು ಕೆಟ್ಟಿರುತ್ತದೆ. ಕಣ್ಣಿನಿಂದ ಬೇರೆ ಮಾಡಲಾಗದು. ಜೀನ್ ತಿದ್ದುವಾಗಲೂ ಗಿಡ ಅಂಗಾಂಶ ಕೃಷಿಯ ಸೀಸೆಯೊಳಗಿನಿಂದಲೇ ಹಾದುಬರಬೇಕು ಎಂಬುದನ್ನು ಇಲ್ಲಿ ನೆನಪಿಡುವುದು ಒಳ್ಳೆಯದು. ಕತ್ತರಿ ಮಾಡಿದ ಬದಲಾವಣೆ ಒಂದೇ ಇರಬಹುದು. ಸೀಸೆ ಮಾಡಿದ ಬದಲಾವಣೆ ಎಷ್ಟು ಎಂಬುದು ಬೇರೆ ಪ್ರಶ್ನೆ, ಅದನ್ನು ಅಕ್ಷರ ಓದುವ ಪರೀಕ್ಷೆ ಪೂರ್ತಿ ಹೇಳುವುದಿಲ್ಲ.

ಭತ್ತದಲ್ಲಿ ಈ ಗುರುತುಗಳನ್ನು ಯಾರು ಇಡುತ್ತಾರೆ ಎಂಬ ಕೆಲಸ ಬೆಂಗಳೂರಿನಲ್ಲೇ ನಡೆಯುತ್ತಿದೆ. ಜಿಕೆವಿಕೆ ಆವರಣದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಪಿ.ವಿ. ಶಿವಪ್ರಸಾದ್ ಅವರ ತಂಡ 2024ರಲ್ಲಿ ಪ್ರಕಟಿಸಿದ ಸಂಶೋಧನೆ ಓಎಸ್‌ಸಿಎಲ್‌ಎಸ್‌ವೈ3 ಎಂಬ ಜೀನಿನ ಬಗ್ಗೆ. ಅಕ್ಕಿಯಾಗಿ ನಾವು ಉಣ್ಣುವುದು ಬೀಜದ ಪೋಷಕ ಅಂಗಾಂಶವನ್ನು. ಅಲ್ಲಿ ಈ ಜೀನಿನ ತಾಯಿಯ ಕಡೆಯ ಪ್ರತಿ ಮಾತ್ರ ಓದಲ್ಪಡುತ್ತದೆ, ತಂದೆಯ ಕಡೆಯದು ಮುಚ್ಚಿರುತ್ತದೆ. ಮುಚ್ಚಿಡುವುದು ಜೀನಿನ ಮುಂಭಾಗದಲ್ಲಿ ಸಾಲಾಗಿ ಸೇರಿಕೊಂಡ ಜಿಗಿಯುವ ತುಣುಕುಗಳ ಮೇಲಿನ ಮಿಥೈಲ್. ಈ ಜೀನನ್ನು ಕುಗ್ಗಿಸಿದಾಗ ಆ ಅಂಗಾಂಶದಲ್ಲಿ, ಮಿಥೈಲ್ ಎಲ್ಲಿ ಬೀಳಬೇಕೆಂದು ತೋರಿಸುವಂಥ ಸಣ್ಣ ಆರ್‌ಎನ್‌ಎಗಳಲ್ಲಿ ಸುಮಾರು 70 ಶೇಕಡಾ ಮಾಯವಾದವು, ಕಾಳಿನ ಬೆಳವಣಿಗೆ ಕೆಟ್ಟಿತು. ಕಾಳು ತುಂಬುವುದು ಎಂಬ, ರೈತರ ಪಾಲಿಗೆ ಎಲ್ಲಕ್ಕಿಂತ ಮುಖ್ಯವಾದ ಘಟ್ಟ ಕ್ರೊಮ್ಯಾಟಿನ್ ಕೈಯಲ್ಲಿ ಎಷ್ಟರಮಟ್ಟಿಗೆ ಇದೆ ಎಂಬುದಕ್ಕೆ ಇಷ್ಟು ಸಾಕು. ತೆನೆಯಲ್ಲಿ ಹೂ ಹೆಚ್ಚಿಸಿದ ಮಾತ್ರಕ್ಕೆ ಕಾಳು ಹೆಚ್ಚಿತು ಎನ್ನಲಾಗದು, ತುಂಬದಿದ್ದರೆ ಜೊಳ್ಳು.

ಜೀನಿನ ಹೊರಗೆ ಕತ್ತರಿ

ತಳಿ ಸುಧಾರಣೆಯ ಇತಿಹಾಸವನ್ನೇ ನೋಡಿದರೂ ಜೀನಿಗಿಂತ ಜೀನಿನ ಓದಿನ ಪಾಲು ದೊಡ್ಡದು. ಮೆಕ್ಸಿಕೊದ ಟಿಯೊಸಿಂಟೆ ಎಂಬ ಪೊದೆಹುಲ್ಲು ಸುಮಾರು 9,000 ವರ್ಷಗಳ ಹಿಂದೆ ಒಂಟಿ ಕಾಂಡದ ಮೆಕ್ಕೆಜೋಳವಾದದ್ದರಲ್ಲಿ ಟಿಬಿ1 ಜೀನಿನದು ಮುಖ್ಯ ಪಾತ್ರ. ಆ ಜೀನಿನೊಳಗೆ ಏನೂ ಬದಲಾಗಿಲ್ಲವೆಂದೇ ಹೇಳಬಹುದು. ಅದರಿಂದ ಅರವತ್ತು ಸಾವಿರ ಅಕ್ಷರಗಳಷ್ಟು ದೂರದಲ್ಲಿ ಒಂದು ಜಿಗಿಯುವ ತುಣುಕು ಬಂದು ಕೂತು ಟಿಬಿ1ರ ಓದನ್ನು ಹೆಚ್ಚಿಸಿದೆ ಎಂದು ಜಾನ್ ಡೋಬ್ಲಿ ಅವರ ತಂಡ 2011ರಲ್ಲಿ ತೋರಿಸಿತು. 2016ರ ಇನ್ನೊಂದು ಅಧ್ಯಯನದ ಪ್ರಕಾರ ಮೆಕ್ಕೆಜೋಳದ ಡಿಎನ್‌ಎಯಲ್ಲಿ ಬಿಚ್ಚಿಕೊಂಡ ಕ್ರೊಮ್ಯಾಟಿನ್ ಶೇಕಡಾ 1ಕ್ಕಿಂತ ಕಡಿಮೆ. ಆದರೆ ಸಂಕೀರ್ಣ ಗುಣಗಳಲ್ಲಿ ವಂಶಪಾರಂಪರ್ಯವಾಗಿ ಬರುವ ವ್ಯತ್ಯಾಸದ ಸುಮಾರು 40 ಶೇಕಡಾ ಅಷ್ಟು ಜಾಗದಲ್ಲೇ ಇದೆ.

ಕತ್ತರಿ ಹಿಡಿದವರು ಈಗ ಈ ಜಾಗಕ್ಕೇ ಬರುತ್ತಿದ್ದಾರೆ. ಭತ್ತದ ಐಪಿಎ1 ಜೀನನ್ನು ಹೆಚ್ಚಿಸಿದರೆ ತೆನೆ ದೊಡ್ಡದಾಗುತ್ತದೆ, ಆದರೆ ತೆಂಡೆ ಕಡಿಮೆಯಾಗುತ್ತವೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳುವ ವ್ಯವಹಾರ. ಚೀನಾದ ಲೀ ಜಿಯಾಯಾಂಗ್ ತಂಡ ಜೀನನ್ನು ಮುಟ್ಟದೆ ಅದರ ನಿಯಂತ್ರಣ ಭಾಗವನ್ನು ತುಂಡುತುಂಡಾಗಿ ಅಳಿಸುತ್ತಾ ಹೋಗಿ, 2022ರಲ್ಲಿ 54 ಅಕ್ಷರಗಳ ಒಂದು ತುಣುಕನ್ನು ಹಿಡಿಯಿತು. ಅದನ್ನು ತೆಗೆದರೆ ತೆನೆಯಲ್ಲೂ ಬೇರಿನಲ್ಲೂ ಐಪಿಎ1 ಏರುತ್ತದೆ, ತೆಂಡೆಯ ಸಂಖ್ಯೆಗೆ ಪೆಟ್ಟು ಬೀಳುವುದಿಲ್ಲ. ಜೀನನ್ನು ಕೆಡಿಸುವ ಕಮಲಾದ ವಿಧಾನಕ್ಕಿಂತ ಇದು ಒಂದು ಹೆಜ್ಜೆ ಮುಂದಿನದು ಎಂಬುದು ನನ್ನ ಅಭಿಪ್ರಾಯ. ಜೀನನ್ನೇ ಕೆಡಿಸಿದರೆ ಗಿಡದ ಎಲ್ಲ ಭಾಗದಲ್ಲೂ ಕೆಡುತ್ತದೆ.

ಮತ್ತೆ ನಮ್ಮ ಜಗಳಕ್ಕೆ ಬಂದರೆ, ಇದಕ್ಕೆ ಹತ್ತಿರದ ಸಾಕ್ಷ್ಯವೂ ಚೀನಾದ್ದೇ. 2018ರ ಒಂದು ಪ್ರಯೋಗದಲ್ಲಿ ವ್ಯಾಪಕವಾಗಿ ಬೆಳೆಯುವ ಐದು ಭತ್ತದ ತಳಿಗಳಲ್ಲಿ ಇದೇ ಜಿಎನ್1ಎ ಮತ್ತು ಕಾಳಿನ ಗಾತ್ರದ ಜಿಎಸ್3 ಜೀನ್‌ಗಳನ್ನು ತಿದ್ದಿದರು. ಜೀನ್ ಅದೇ, ಕತ್ತರಿ ಅದೇ. ಫಲಿತಾಂಶ ತಳಿಯಿಂದ ತಳಿಗೆ ಬೇರೆ. ಕೆಲವದರಲ್ಲಿ ಇಳುವರಿ ಏರಿತು, ಕೆಲವದರಲ್ಲಿ ಇಳಿಯಿತು. ಒಂದು ಜೀನನ್ನು ಸುತ್ತಲಿನ ಉಳಿದ ಜೀನ್‌ಗಳು ಹೇಗೆ ನಡೆಸಿಕೊಳ್ಳುತ್ತವೆ ಎಂಬುದು ತಳಿಗೆ ತಕ್ಕಂತೆ ಬದಲಾಗುವುದರಿಂದ ಇದು ನಿರೀಕ್ಷಿತವೇ. ಸಾಂಬಾ ಮಸೂರಿಯಲ್ಲಿ ಫಲ ಕೊಟ್ಟದ್ದು ನಾಳೆ ಇನ್ನೊಂದು ಜನಪ್ರಿಯ ತಳಿಯಲ್ಲೂ ಕೊಡುತ್ತದೆ ಎಂಬ ಭರವಸೆಯನ್ನು ಯಾರಾದರೂ ಕೊಟ್ಟರೆ ನಂಬಬಾರದು. ಸಿಂಧನೂರಿನ ಕಪ್ಪುಮಣ್ಣಿಗೂ ಮಂಡ್ಯದ ಕೆಮ್ಮಣ್ಣಿಗೂ ಅದೇ ಮಾತು.

ಕಾನೂನು ಈ ದಿಕ್ಕಿನಲ್ಲಿ ಯೋಚಿಸಿಲ್ಲ. 2022ರ ಮಾರ್ಚ್ 30ರಂದು ಕೇಂದ್ರ ಪರಿಸರ ಸಚಿವಾಲಯ ಎಸ್‌ಡಿಎನ್-1, ಎಸ್‌ಡಿಎನ್-2 ಎಂಬ ವರ್ಗದ ತಿದ್ದಿದ ಗಿಡಗಳನ್ನು ಕುಲಾಂತರಿಗಳ ಮೇಲಿನ 1989ರ ನಿಯಮಗಳ 7ರಿಂದ 11ನೇ ನಿಯಮದ ವ್ಯಾಪ್ತಿಯಿಂದ ಹೊರಗಿಟ್ಟಿತು. ಮೊದಲನೆಯದರಲ್ಲಿ ಕತ್ತರಿಸಿ ಬಿಟ್ಟರೆ ಕೋಶವೇ ಹೊಲಿದುಕೊಳ್ಳುತ್ತದೆ, ಎರಡನೆಯದರಲ್ಲಿ ಹೀಗೆ ಹೊಲಿ ಎಂದು ಸಣ್ಣ ಮಾದರಿ ಕೊಡುತ್ತಾರೆ. ಹೊರಗಿನ ಜೀನ್ ಸೇರಿಸುವ ಎಸ್‌ಡಿಎನ್-3 ಮಾತ್ರ ಕುಲಾಂತರಿಯ ಹಳೆಯ ದಾರಿಯಲ್ಲೇ ಹೋಗಬೇಕು. ಕಮಲಾ ಕೇಂದ್ರದ ಜೆನೆಟಿಕ್ ಎಂಜಿನಿಯರಿಂಗ್ ಅನುಮೋದನಾ ಸಮಿತಿಯ ಮುಂದೆ ಹೋಗದೆ ಬಂದದ್ದು ಹೀಗೆ; ಸಂಸ್ಥೆಯ ಮಟ್ಟದ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಸಾಕಾಯಿತು. ಇಂಥ ಅಕ್ಷರಬದಲಾವಣೆ ಪ್ರಕೃತಿಯಲ್ಲೂ ತಾನಾಗಿ ಆಗಬಹುದು ಎಂಬ ಸರ್ಕಾರದ ತರ್ಕದಲ್ಲಿ ಹುರುಳಿಲ್ಲ ಎನ್ನಲಾರೆ. ಹಬಾಟಾಕಿಯಲ್ಲಿ ಆಗಿತ್ತಲ್ಲ. ಬಿಟಿ ಬದನೆಗೆ ಹಾಕಿದ ಅಳತೆಗೋಲನ್ನೇ ಕಮಲಾಕ್ಕೂ ಹಾಕಬೇಕೆಂದು ಹಟ ಹಿಡಿಯುವವರ ಜೊತೆ ನಾನಿಲ್ಲ.

ಆದರೆ ಸಮಿತಿಯಿಂದ ವಿನಾಯಿತಿ ಬೇರೆ, ಲೆಕ್ಕ ಕೊಡುವುದರಿಂದ ವಿನಾಯಿತಿ ಬೇರೆ. 2025ರ ಅಕ್ಟೋಬರಿನಲ್ಲಿ ಕುಲಾಂತರಿ ಮುಕ್ತ ಭಾರತಕ್ಕಾಗಿ ಒಕ್ಕೂಟವು ಐಸಿಎಆರ್‌ನ ಸಮನ್ವಿತ ಭತ್ತ ಪ್ರಯೋಗಗಳ ವಾರ್ಷಿಕ ವರದಿಗಳನ್ನೇ ಮುಂದಿಟ್ಟುಕೊಂಡು, ಹೇಳಿದ ಇಳುವರಿಗೂ ವರದಿಯ ಅಂಕಿಗಳಿಗೂ ತಾಳೆಯಾಗುವುದಿಲ್ಲ ಎಂದು ದೂರಿತು. ಐಸಿಎಆರ್ ಅದನ್ನು ತಳ್ಳಿಹಾಕಿತು. ಈ ಜಗಳವನ್ನು ‘ಇವರು ವಿಜ್ಞಾನ ವಿರೋಧಿಗಳು’, ‘ಅವರು ಕಂಪನಿ ಪರ’ ಎಂದು ಬಗೆಹರಿಸಲಾಗದು. ಬೇಕಾದದ್ದು ಒಂದೊಂದು ಪ್ರಯೋಗ ತಾಣದ, ಒಂದೊಂದು ಹಂಗಾಮಿನ ಅಂಕಿ: ತೆನೆಗೆ ಕಾಳೆಷ್ಟು, ಜೊಳ್ಳೆಷ್ಟು, ಸಾವಿರ ಕಾಳಿನ ತೂಕವೆಷ್ಟು, ಅವಧಿ ಎಷ್ಟು, ಗೊಬ್ಬರ ಕಡಿಮೆ ಕೊಟ್ಟಾಗ ಏನಾಯಿತು. ಜೊತೆಗೆ ತೆನೆ, ಎಲೆ, ಬೇರು ಮೂರರಲ್ಲೂ ಮೂಲ ತಳಿಗೆ ಹೋಲಿಸಿ ಯಾವ ಯಾವ ಜೀನ್‌ಗಳ ಓದು ಏರಿತು, ಇಳಿಯಿತು ಎಂಬ ಪಟ್ಟಿ. ಆರ್‌ಎನ್‌ಎ ಓದುವ ಈ ಪರೀಕ್ಷೆ ಈಗ ದುಬಾರಿಯೇನಲ್ಲ, ಜೀನ್ ತಿದ್ದುವ ಸಂಶೋಧನೆಗೆ 2023-24ರ ಬಜೆಟ್ಟಿನಲ್ಲಿ ಮೀಸಲಿಟ್ಟ 500 ಕೋಟಿಯ ಮುಂದೆ ಇದರ ಖರ್ಚು ಚಿಲ್ಲರೆ.

ಅಕ್ಷರವನ್ನಷ್ಟೇ ಅಳೆಯುವ ಕಾನೂನು ನಿಜವಾಗಿ ಸಿಕ್ಕಿಹಾಕಿಕೊಳ್ಳುವುದು ಮುಂದೆ. 2023ರಲ್ಲಿ ಅಮೆರಿಕದ ಸಂಶೋಧಕರು ಮರಗೆಣಸಿನ ದುಂಡಾಣು ಅಂಗಮಾರಿ ರೋಗಕ್ಕೆ ಒಂದು ಉಪಾಯ ಮಾಡಿದರು. ರೋಗಾಣು ತನ್ನ ಪ್ರೋಟೀನನ್ನು ಗಿಡದ ಒಂದು ಸಕ್ಕರೆ ಸಾಗಿಸುವ ಜೀನಿನ ಮುಂಭಾಗಕ್ಕೆ ಅಂಟಿಸಿ, ಆ ಜೀನನ್ನು ತೆರೆಸಿ ಸಕ್ಕರೆ ತಿನ್ನುತ್ತದೆ. ಸಂಶೋಧಕರು ಅಲ್ಲಿ ಅಕ್ಷರ ಕತ್ತರಿಸಲಿಲ್ಲ, ಅದೇ ಜಾಗಕ್ಕೆ ಮಿಥೈಲ್ ಗುರುತು ಹಾಕಿಸಿದರು. ರೋಗಾಣುವಿನ ಪ್ರೋಟೀನ್ ಅಂಟದಾಯಿತು, ರೋಗ ತಗ್ಗಿತು, ಗಿಡದ ಬೆಳವಣಿಗೆ ಮಾಮೂಲಿಯಾಗಿಯೇ ಇತ್ತು. ಅರಾಬಿಡಾಪ್ಸಿಸ್‌ನಲ್ಲಂತೂ ಹೀಗೆ ಹಾಕಿದ ಗುರುತು, ಹಾಕಿದ ಸಲಕರಣೆಯನ್ನು ತೆಗೆದುಹಾಕಿದ ಮೇಲೂ ಮುಂದಿನ ಪೀಳಿಗೆಗಳಲ್ಲಿ ಉಳಿದದ್ದಿದೆ. ನಾಳೆ ಇಂಥದೊಂದು ಭತ್ತವೋ ಬಾಳೆಯೋ ಅರ್ಜಿ ಹಿಡಿದು ಬಂದರೆ ಎಸ್‌ಡಿಎನ್‌ನ ಮೂರು ಖಾನೆಗಳಲ್ಲಿ ಯಾವುದಕ್ಕೂ ಅದು ಕೂರುವುದಿಲ್ಲ. ಹೊರಗಿನ ಜೀನ್ ಇಲ್ಲ, ಒಳಗಿನ ಅಕ್ಷರವೂ ಬದಲಾಗಿಲ್ಲ. ಕಾಗದದ ಮೇಲೆ ಅದು ಮೂಲ ತಳಿಯೇ. ಆ ಗುರುತು ಇದೆಯೋ ಅಳಿಸಿತೋ ಎಂದು ನೋಡುವುದಕ್ಕೆ ಬೈಸಲ್ಫೈಟ್ ಪರೀಕ್ಷೆ ಎಂಬುದೊಂದಿದೆ. ಮೊಳಕೆ, ತೇವಾಂಶ, ತಳಿಶುದ್ಧತೆ ನೋಡಿ ಬಿತ್ತನೆ ಬೀಜಕ್ಕೆ ಚೀಟಿ ಕಟ್ಟುವ ನಮ್ಮ ಪ್ರಮಾಣೀಕರಣದ ಪಟ್ಟಿಯಲ್ಲಿ ಅದಕ್ಕಿನ್ನೂ ಜಾಗವಿಲ್ಲ.